ವೈನಿ ಕುಂತ ದಿನ

ನಿನ್ನೆ ಪಕ್ಕದ ಮನೆಯ ಸುಜಾತಾ ಕರಿಬೇವು ಕೇಳಿಕೊಂಡು ಅಡುಗೆಮನೆಗೆ ಬಂದವಳು ಕಿಟಕಿಯ ಮುಂದೆ ಗಕ್ಕನೆ ನಿಂತು ಎರಡೂ ಕೈ ಮುಗಿದಳು. ನಾನು ಬೆರಗಾಗಿ ಅತ್ತ ನೋಡಿದೆ. ಅಲ್ಲಿ ದೇವರ ಫೋಟೋ ಇಲ್ಲ, ದೀಪವಿಲ್ಲ. ಇರುವುದು ಒಂದು ಕಲ್ಲು. ಅಂಗೈ ಅಗಲದ ಶಹಾಬಾದ ಫರ್ಶಿಯ, ಅಂದರೆ ಹಾಸುಗಲ್ಲಿನ, ಚೂರು. ಒಂದು ಮಗ್ಗುಲು ಬೂದು, ಇನ್ನೊಂದು ಮಗ್ಗುಲು ಮಸಿ ಹಿಡಿದು ಕಪ್ಪು. ಒಗ್ಗರಣೆ ಹಾಕುವಾಗ ಸಿಡಿದ ಅರಿಶಿನ ಅದರ ನೆತ್ತಿಗೆ ಹತ್ತಿ ಒಣಗಿತ್ತು.

"ಇದು ಯಾವ ದೇವರ್ರೀ ಟೀಚರ್? ನಿಮ್ಮ ಮನಿದೇವರೇನು?" ಎಂದು ಕೇಳಿದಳು.

ಅವಳದೇನೂ ತಪ್ಪಿಲ್ಲ. ನಮ್ಮ ಕಡೆ ಮನೆಯೊಳಗೆ ಒಂದು ಕಲ್ಲು ಕೆಲಸವಿಲ್ಲದೆ ಸುಮ್ಮನೆ ಕುಳಿತಿದೆ ಎಂದರೆ ಅದು ದೇವರೇ ಆಗಿರಬೇಕು. ಉಳಿದ ಕಲ್ಲುಗಳಿಗೆಲ್ಲ ಡ್ಯೂಟಿ ಇದೆ. ನೆಲಕ್ಕೆ ಫರ್ಶಿ, ಒಲೆಕಟ್ಟೆಗೆ ಫರ್ಶಿ, ಕೊಡ ಇಡಲು ಫರ್ಶಿ, ಗೋಡೆಯ ಗೂಡಿಗೆ ಫರ್ಶಿ, ಬಟ್ಟೆ ಒಗೆಯಲು, ಹೊಲದ ಸುತ್ತ ಬೇಲಿಗೆ, ಕೆಲವರ ಮನೆಯ ಮಾಳಿಗೆಗೂ ಫರ್ಶಿಯೇ. ಬೇಸಿಗೆಯಲ್ಲಿ ನೆಲಕ್ಕೆ ನೀರು ಚಿಮುಕಿಸಿ ಅದರ ಮೇಲೆ ಬೆನ್ನು ಹಚ್ಚಿ ಮಲಗುವ ಸುಖವನ್ನು ಇನ್ನೊಂದು ಊರಿನವರಿಗೆ ವಿವರಿಸುವುದು ಕಷ್ಟ. ಈ ಕಲ್ಲಿನಿಂದ ಆಗದ ಕೆಲಸವಿಲ್ಲ ಎಂಬುದು ನಮ್ಮವರ ನಂಬಿಕೆ. ಆ ನಂಬಿಕೆಯೇ ಮುಂದೆ ಹೇಳುವ ಅವಾಂತರಕ್ಕೆ ಮೂಲ.

"ದೇವರಲ್ಲವಾ, ಅದು ನಮ್ಮ ಅಣ್ಣನ ಗೆಳೆಯನ ರೊಟ್ಟಿ ಹಂಚು" ಎಂದರೆ ಸುಜಾತಾಗೆ ಏನು ತಿಳಿದೀತು? ಕರಿಬೇವು ಕೊಟ್ಟು ಕಳಿಸಿದೆ. ಆದರೆ ನಿಮಗೆ ಹೇಳದೆ ಇರಲು ಮನಸ್ಸು ಒಪ್ಪುತ್ತಿಲ್ಲ. ಜರಾ ಕುಂದ್ರಿ.

ನನ್ನ ತವರು ವಾಡಿ. ಈಗ ನಾನು ಸೇಡಂನಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ಅಣ್ಣ ಆಗ ವಾಡಿಯಲ್ಲಿ ಗೂಡ್ಸ್ ರೈಲಿನ ಗಾರ್ಡ್. ಗೂಡ್ಸ್ ರೈಲಿಗೆ ಟೈಮ್ ಟೇಬಲ್ ಎಂಬುದು ಇಲ್ಲ. ಹಾಗಾಗಿ ನಮ್ಮ ತವರಿನಲ್ಲಿ ಊಟಕ್ಕೂ ಅದು ಇರಲಿಲ್ಲ. ಅಣ್ಣ ಬಂದಾಗ ಊಟ. ಬಂದವನು ಕೈಕಾಲು ತೊಳೆದು, ಒಲೆಯ ಎದುರು ಮಣೆ ಹಾಕಿಕೊಂಡು ಕೂರುತ್ತಿದ್ದ. ಆಚೆ ಬದಿಗೆ ವೈನಿ, ಅಂದರೆ ಅಣ್ಣನ ಹೆಂಡತಿ, ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯುತ್ತಿದ್ದರು. ಒಂದು ರೊಟ್ಟಿ ಉಬ್ಬಿ ತಾಟಿಗೆ ಬೀಳುವುದು, ಅಣ್ಣ ಅದನ್ನು ಮುರಿಯುವುದು, ಅಷ್ಟರಲ್ಲಿ ಇನ್ನೊಂದು. ಅಣ್ಣನ ಬಾಯಿಂದ ಮಾತು ಬರುವುದೇ ಅಪರೂಪ. ಹಳಿಯ ಮೇಲೆ ಹಸಿರು ಬಾವುಟ ಬೀಸಿ ಬೀಸಿ, ಮಾತಿಗೆ ಬದಲು ಕೈ ಬೀಸಿದರೆ ಸಾಕು ಎಂದು ಅವನು ತೀರ್ಮಾನಿಸಿಬಿಟ್ಟಿದ್ದ. ಸಾಕು ಎಂದರೆ ಒಂದು ಬೀಸು. ಇನ್ನೊಂದು ರೊಟ್ಟಿ ಎಂದರೆ ಇನ್ನೊಂದು ನಮೂನೆಯ ಬೀಸು.

ವೈನಿ ಚಿಂಚೋಳಿ ಕಡೆಯವರು. ಸಿಟ್ಟು ಬಂದರೆ ತೆಲುಗು ಮಾತಾಡುತ್ತಾರೆ, ನಗು ಬಂದರೂ ತೆಲುಗೇ. ಆದರೆ ನಾನು ಹೇಳಬೇಕಾದದ್ದು ಅದಲ್ಲ. ಅವರು ಕುಳಿತದ್ದನ್ನು ನಾನು ನೋಡಿರಲಿಲ್ಲ. ಒಲೆ ಮುಂದೆ ಕೂರುವುದು ಲೆಕ್ಕಕ್ಕಿಲ್ಲ, ಅದು ಡ್ಯೂಟಿ. ಸುಮ್ಮನೆ, ಕೈ ಕಟ್ಟಿಕೊಂಡು, ಬೇರೆಯವರು ಉಣ್ಣುವಾಗ ತಾವೂ ಉಂಡು ಕೂರುವುದು ಇದೆಯಲ್ಲ, ಅದನ್ನು. "ಕುಂದ್ರಿ ವೈನಿ" ಎಂದರೆ "ಈಗ ಬಂದೆ" ಎಂದು ಹೋಗುತ್ತಿದ್ದರು. ಕಡೆಗೆ ಉಳಿದ ಚೂರು ಹಿಟ್ಟಿನ ಸಣ್ಣ ರೊಟ್ಟಿಯನ್ನು, ಅದು ಆರಿ ತಣ್ಣಗಾದ ಮೇಲೆ, ಗೋಡೆಗೆ ಒರಗಿ ನಿಂತು ತಿಂದು ಮುಗಿಸುತ್ತಿದ್ದರು. ಅದು ಅವರ ಊಟ. ಕೇಳಿದರೆ "ನನಗ ಹಂಗೇ ಛಲೋ ಅನಸ್ತದ" ಎನ್ನುವರು.

ಇಂಥ ಮನೆಗೆ, ನಾನೂ ತವರಿಗೆ ಹೋಗಿದ್ದ ಒಂದು ದಿನ, ಶರಣಪ್ಪಣ್ಣ ಬಂದ. ಅಣ್ಣನ ಬಾಲ್ಯದ ಗೆಳೆಯ, ಶಹಾಬಾದಿನಲ್ಲಿ ಫರ್ಶಿ ಪಾಲಿಶ್ ಮಾಡುವ ಕಾರ್ಖಾನೆ ಇಟ್ಟವನು. ಅಣ್ಣ ಮಾತಾಡದೆ ಉಳಿಸಿದ ಮಾತನ್ನೆಲ್ಲ ಇವನು ಖರ್ಚು ಮಾಡುತ್ತಾನೆ. ಮೊಬೈಲಿನಲ್ಲಿ ಯಾರೋ ಅಡವಿಯಲ್ಲಿ ಟೆಂಟು ಹೊಡೆದು, ಬೆಂಕಿ ಕಾಯಿಸುತ್ತ ಕುಳಿತ ವಿಡಿಯೋ ನೋಡಿದ್ದನಂತೆ. ಟೆಂಟುಗಳನ್ನು ತರಿಸಿಯೂ ಬಿಟ್ಟಿದ್ದ.

"ನೋಡ್ರಿ ವೈನಿ, ಎಲ್ಲಾರೂ ಕೂಡಿ ಕ್ಯಾಂಪಿಂಗ್ ಹೋಗಮು. ಚಂದ್ರಂಪಳ್ಳಿ ಡ್ಯಾಮಿನ ಕಡೆ ನಮ್ಮ ಪರಿಚಯದವರ ಹೊಲ ಅದ, ಅಡವಿ ಬಾಜೂಕೇ. ಮನಸ್ಸಿಗೆ ಜರಾ ಆರಾಮ ಬೇಕು."

ವೈನಿ ಚಹಾ ಕೊಡುತ್ತ ಕೇಳಿದರು: "ಅಡವಿಗೆ ಹೋಗಿ ಏನ್ ಮಾಡೋದು? ಸಣ್ಣಾಕಿದ್ದಾಗ ನಾ ಕಟಗಿ ತರಲಾಕ ಹೋಗ್ತಿದ್ದೆ. ಸುಮ್ ಸುಮ್ನ ಯಾರರ ಹೋಗ್ತಾರೇನು?"

"ಸುಮ್ನ ಹೋಗೋದೇ ಮಜಾ. ಎಳ್ಳಮಾಸಿಗೆ ಎಲ್ಲರೂ ಹೊಲಕ್ಕ ಹೋಗಿ ಉಂಡು ಬರಲ್ಲೇನು? ಬರಾಬರ್ ಹಂಗೇ."

"ಎಳ್ಳಮಾಸಿ ಹಂಗ ಇದ್ರ ನಾ ಒಲ್ಲೆ" ಎಂದುಬಿಟ್ಟರು ವೈನಿ.

ನೀವು ನಮ್ಮ ಕಡೆಯವರಲ್ಲದಿದ್ದರೆ ಹೇಳಬೇಕು. ಎಳ್ಳ ಅಮಾವಾಸ್ಯೆಗೆ ಇಲ್ಲಿ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಕಡುಬು, ಗೆಳೆಯರು, ಗೆಳೆಯರ ಗೆಳೆಯರು, ದಾರಿಯಲ್ಲಿ ಸಿಕ್ಕವರು, ಎಲ್ಲರೂ ಉಂಡು ಗಿಡದ ನೆರಳಿಗೆ ಅಡ್ಡಾಗುತ್ತಾರೆ. ಭಾಳ ಚಂದದ ಹಬ್ಬ. ಆದರೆ ಆ ರೊಟ್ಟಿಗಳು ಹೊಲದಲ್ಲಿ ಬೆಳೆಯುವುದಿಲ್ಲ. ವಾರದ ಮುಂಚಿನಿಂದ ಹೆಂಗಸರ ಅಂಗೈಯಲ್ಲಿ ಬೆಳೆಯುತ್ತವೆ. ಈ ಸತ್ಯ ಗೊತ್ತಿದ್ದೂ ಅದನ್ನು ಯಾರೂ ಬಾಯಿ ಬಿಟ್ಟು ಹೇಳಿದವರಲ್ಲ. ವೈನಿ ಅಂದು ಹೇಳಿದರು.

"ಬರ್ತೀನಿ. ಆದ್ರ ಒಂದು ಮಾತು. ಹಿಟ್ಟಿಗೆ ನಾ ಕೈ ಹಚ್ಚಲ್ಲ. ಇಲ್ಲಿಂದ ಕಟಗೊಂಡೂ ಬರಲ್ಲ, ಅಲ್ಲಿ ಮಾಡೂದೂ ಇಲ್ಲ. ಒಂದು ದಿನ ನಾ ಸುಮ್ನ ಕುಂದ್ರಬೇಕು. ಆಗ್ತದೇನು ನೋಡ್ರಿ."

ಚಹಾದ ಕಪ್ಪು ಹಿಡಿದವರೆಲ್ಲ ಹಾಗೇ ಹಿಡಿದುಕೊಂಡಿದ್ದೆವು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಬಹಳ ದಿನದಿಂದ ಒಳಗೆ ಇಟ್ಟುಕೊಂಡದ್ದನ್ನು ತೆಗೆದು ಕಟ್ಟೆಯ ಮೇಲೆ ಇಟ್ಟಂತೆ ಇತ್ತು. "ಆಗ್ತದ ವೈನಿ. ನಾ ಜವಾಬ್ದಾರಿ" ಎಂದೆ. ಶರಣಪ್ಪಣ್ಣ ಎದೆ ತಟ್ಟಿಕೊಂಡು, "ರೊಟ್ಟಿ ಫಿಕರ್ ನೀವು ಮಾಡಬ್ಯಾಡ್ರಿ. ಕಲ್ಲು ಕೊರಿಯೋ ಕೈಗೆ ಹಿಟ್ಟು ಯಾವ ಲೆಕ್ಕ? ಎಲ್ಲಾ ಇಂತಜಾಮ್ ನಂದು" ಎಂದ. ಅಣ್ಣ ಕೈಯನ್ನೂ ಬೀಸಲಿಲ್ಲ.

ರೊಟ್ಟಿಯೇ ಯಾಕೆ, ಅನ್ನ ಮಾಡಿದರಾಗದೆ ಎಂದು ನೀವು ಕೇಳಬಹುದು. ನಮ್ಮ ಕಡೆ ಅನ್ನ ಉಂಡವನನ್ನು ಊಟ ಆಯಿತೇ ಎಂದು ಮತ್ತೆ ಕೇಳುತ್ತಾರೆ.

ಚಳಿ ಇನ್ನೂ ಹೋಗಿರದ, ತೊಗರಿ ಕಟಾವು ಮುಗಿದ ಒಂದು ಶನಿವಾರ ಹೊರಟೆವು. ಶರಣಪ್ಪಣ್ಣ ತನ್ನ ಹೆಂಡತಿ ಮಹಾದೇವಿ ಮತ್ತು ಮಕ್ಕಳನ್ನು ಜೀಪಿನಲ್ಲಿ ಹಾಕಿಕೊಂಡು ಶಹಾಬಾದಿನಿಂದ ವಾಡಿಗೆ ಬಂದು, ಅಣ್ಣ ವೈನಿಯರನ್ನು ಕೂಡಿಸಿಕೊಂಡು, ಸೇಡಂಗೆ ಬಂದು ನಮ್ಮಿಬ್ಬರನ್ನು, ನನ್ನನ್ನೂ ನಮ್ಮ ಮನೆಯವರನ್ನೂ, ಸೇರಬೇಕು. ಬೆಳಗಿನ ಉಪ್ಪಿಟ್ಟಿನ ಹೊತ್ತಿಗೆ ಬರುತ್ತೇವೆಂದವರು ಬಂದದ್ದು ಬಿಸಿಲು ನೆತ್ತಿಗೇರಿದ ಮೇಲೆ. ರಾವೂರಿನಲ್ಲಿ ಕಲ್ಲಿನ ಗಣಿಯ ಗೆಳೆಯನೊಬ್ಬ ಚಹಾ ಕುಡಿಯದೆ ಬಿಡಲಿಲ್ಲ. ಚಿತ್ತಾಪುರದಲ್ಲಿ ಮಹಾದೇವಿಯ ತಂಗಿ ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ಮಾಡಿ ಇಟ್ಟಿದ್ದಳು. ಮಳಖೇಡದಲ್ಲಿ ಸಿಮೆಂಟ್ ಫ್ಯಾಕ್ಟರಿ ಮುಂದೆ ನಿಂತಿದ್ದ ಪರಿಚಯದವನೊಬ್ಬ ಜೀಪಿಗೇ ಅಡ್ಡ ನಿಂತು ಎಳನೀರು ಕುಡಿಸಿದ. ನಮ್ಮ ಕಡೆ ಮನಸ್ಸಿಗೆ ಆರಾಮ ಹುಡುಕಿಕೊಂಡು ಹೊರಟವನಿಗೆ ಹೊಟ್ಟೆಗೆ ಆರಾಮವಿರುವುದಿಲ್ಲ. ನಾನಾದರೂ ಕಡಿಮೆಯೇ? "ಒಂದ ಕಪ್ ಚಹಾ" ಎಂದು ಅವರನ್ನು ಇನ್ನಷ್ಟು ತಡಮಾಡಿಸಿದೆ.

ಜಾಗ ಮಾತ್ರ ಕಣ್ಣಿಗೆ ಹಬ್ಬ. ಒಂದು ಕಡೆ ಕೊಯ್ದ ತೊಗರಿಯ ಕೂಳೆ, ಇನ್ನೊಂದು ಕಡೆ ಅಡವಿ, ನಡುವೆ ಒಂದು ದೊಡ್ಡ ಹುಣಸೆಗಿಡ, ದೂರದಲ್ಲಿ ನೀರಿನ ಹೊಳಪು. ಟೆಂಟಿನ ಮೊಳೆ ನೆಲಕ್ಕೆ ಇಳಿಯಲಿಲ್ಲ. ಗೇಣು ಮಣ್ಣಿನ ಕೆಳಗೆ ಕಲ್ಲು. ಶರಣಪ್ಪಣ್ಣ ಸಂತೋಷದಿಂದ ಜೀಪಿನಿಂದ ಫರ್ಶಿ ತುಂಡುಗಳನ್ನು ಇಳಿಸಿ ಹಗ್ಗಕ್ಕೆ ಕಟ್ಟಿದ. ಅವನ ಜೀಪಿನಲ್ಲಿ ಸ್ಟೆಪ್ನಿ ಇಲ್ಲದಿರಬಹುದು, ಫರ್ಶಿ ಇಲ್ಲದೆ ಇರುವುದಿಲ್ಲ. "ನೋಡಿದ್ರಿ? ನಮ್ಮ ಕಲ್ಲು ಎಲ್ಲಿ ಬೇಕಾದ್ರೂ ಕೈ ಹಿಡಿತದ" ಎಂದ.

ವೈನಿಗೆ ಹುಣಸೆಗಿಡದ ಕೆಳಗೆ ಮಡಚುವ ಕುರ್ಚಿ ಹಾಕಿದೆವು. ಅವರು ಅದರ ತುದಿಗೆ ಕುಳಿತರು, ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಬಂದರೆ ಎದ್ದು ಓಡಬೇಕಾದವರ ಹಾಗೆ. ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಒಮ್ಮೆ ಮಡಿಲಲ್ಲಿ, ಒಮ್ಮೆ ಮೊಣಕಾಲ ಮೇಲೆ, ಕಡೆಗೆ ಸೆರಗಿನೊಳಗೆ ಇಟ್ಟುಕೊಂಡರು. ನಾನು ಪಕ್ಕದಲ್ಲಿ ಕಾವಲು.

"ಇನ್ನಾ ಎಷ್ಟೊತ್ತು ಕುಂದ್ರಬೇಕವಾ?" ಎಂದು ಮೆಲ್ಲಗೆ ಕೇಳಿದರು.

"ವೈನಿ, ಈಗರ ಕುಂತೀರಿ."

"ಬೆನ್ನು ನೋಯಾಕತ್ತದ."

ನಿಂತು ನಿಂತು ನೋಯದ ಬೆನ್ನು ಕೂತು ನೋಯುತ್ತಿತ್ತು. ಇಬ್ಬರೂ ನಕ್ಕೆವು.

ಅಷ್ಟರಲ್ಲಿ ಒಲೆಯ ಕಡೆ ಗಲಾಟೆ ಎದ್ದಿತು. ಬದನೆಕಾಯಿ ಬಂದಿತ್ತು, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಬಂದಿತ್ತು, ಹಿಟ್ಟು ಒಂದು ಡಬ್ಬಿ ತುಂಬ ಬಂದಿತ್ತು. ಹಂಚು ಬಂದಿರಲಿಲ್ಲ. ಇಷ್ಟು ವರ್ಷ ಎಲ್ಲಿಗೇ ಹೊರಟರೂ ಹಂಚನ್ನು ಗೋಣಿಚೀಲದಲ್ಲಿ ಸುತ್ತಿ ಇಡುತ್ತಿದ್ದವರು ವೈನಿ. ಈ ಸಲ ಅವರನ್ನು ಕಟ್ಟುವ ಕೆಲಸಕ್ಕೆ ಬಿಟ್ಟಿರಲಿಲ್ಲ. ಇದು ಯಾರಿಗೂ ಹೊಳೆದಿರಲಿಲ್ಲ. ಮಹಾದೇವಿ ಗಂಡನನ್ನು ನೋಡಿದಳು. ಗಂಡ ಜೀಪನ್ನು ನೋಡಿದ. ಅವನ ಮುಖ ಅರಳಿತು.

"ಹಂಚು ಯಾಕ ಬೇಕು? ಫರ್ಶಿ ಇಲ್ಲೇನು!"

ವೈನಿ ಸಣ್ಣಗೆ ಕೆಮ್ಮಿದರು. ನಾನು ಕಣ್ಣಲ್ಲೇ ತಡೆದೆ. ಮಾತಾಡಬಾರದು ಎಂಬುದು ಕರಾರಿನಲ್ಲಿ ಇರಲಿಲ್ಲ, ಆದರೆ ಅವರು ಒಂದು ಮಾತು ಹೇಳಿದರೆ ಎರಡನೆಯದಕ್ಕೆ ಎದ್ದೇ ಹೋಗುತ್ತಾರೆಂದು ನನಗೆ ಗೊತ್ತಿತ್ತು.

ಶರಣಪ್ಪಣ್ಣ ಮೂರು ಕಲ್ಲಿನ ಮೇಲೆ ನುಣ್ಣನೆಯ ಒಂದು ಫರ್ಶಿ ಇಟ್ಟು, ಕೆಳಗೆ ಭರ್ಜರಿ ಬೆಂಕಿ ಹಾಕಿದ. ಇತ್ತ ಹಿಟ್ಟಿಗೆ ತಣ್ಣೀರು ಸುರಿದು ನಾದಿದ. ಜೋಳದ ಹಿಟ್ಟಿಗೆ ಕುದಿಯುವ ನೀರು ಬೇಕು, ಇಲ್ಲದಿದ್ದರೆ ಅದು ಕೂಡಿಕೊಳ್ಳುವುದಿಲ್ಲ. ವೈನಿ ಮತ್ತೆ ಕೆಮ್ಮಿದರು. ಬಡಿದಷ್ಟೂ ರೊಟ್ಟಿಯ ಅಂಚು ಬಿರಿಯಿತು. ಅವನೇನು ಎದೆಗುಂದುವ ಆಸಾಮಿಯೇ? "ಕಿನಾರಿ ಹೋಗ್ಯಾವ, ಕಟಿಂಗ್ ಹೊಡದ್ರ ಬರಾಬರ್ ಆಗ್ತದ" ಎಂದು ಚಾಕು ತೆಗೆದುಕೊಂಡು ನಾಲ್ಕೂ ಕಡೆ ಕತ್ತರಿಸಿದ. ನನ್ನ ಜನ್ಮದಲ್ಲಿ ಮೊದಲ ಸಲ ಚೌಕದ ರೊಟ್ಟಿ ನೋಡಿದೆ. ಅದನ್ನು ತೀರ ಜೋಪಾನವಾಗಿ ಎತ್ತಿ ಫರ್ಶಿಯ ಮೇಲೆ ಕೂರಿಸಿ, ಹೊಗೆ ತಾಳದೆ ಕಣ್ಣು ಒರೆಸಿಕೊಳ್ಳುತ್ತ ಈಚೆ ಬಂದ.

ಪುಣ್ಯಕ್ಕೆ ಈಚೆ ಬಂದ. ಫಟಾರ್! ಎಂದು ಫರ್ಶಿ ಸಿಡಿಯಿತು. ಬೆಂಕಿ ಚೆದುರಿತು, ರೊಟ್ಟಿ ಎಲ್ಲಿಗೆ ಹಾರಿತೋ ಇಂದಿಗೂ ಪತ್ತೆಯಿಲ್ಲ. ಟೊಂಗೆಯ ಮೇಲಿದ್ದ ಹಕ್ಕಿಗಳೆಲ್ಲ ಎದ್ದವು. ನಮ್ಮ ಮನೆಯವರು, ಬ್ಯಾಂಕಿನಲ್ಲಿ ಕೂತು ಕೂತು ಓಡುವುದನ್ನು ಮರೆತವರು, ಜೀಪಿನ ಹಿಂದೆ ಕಾಣಿಸಿಕೊಂಡರು. ಯಾರಿಗೂ ಏನೂ ಆಗಿರಲಿಲ್ಲ. ಸುಣ್ಣದ ಕಲ್ಲಿನ ಪದರದೊಳಗೆ ನೀರಿನ ಪಸೆ ಇರುತ್ತದೆ, ಕಾದರೆ ಅದು ಆವಿಯಾಗಿ ಕಲ್ಲನ್ನು ಒಡೆಯುತ್ತದೆ ಎಂದು ನಾನು ಆಮೇಲೆ ಎಲ್ಲರಿಗೂ ತಿಳಿಸಿ ಹೇಳಿದೆ. "ಸಿಡಿಯೂಕ್ಕಿಂತ ಮದಲ ಹೇಳೂದು ವಿಜ್ಞಾನ, ಆಮ್ಯಾಲ ಹೇಳೂದು ಹರಟಿ" ಎಂದಳು ಮಹಾದೇವಿ.

ಆದರೆ ಸಪ್ಪಳಕ್ಕೆ "ಅಮ್ಮೋ!" ಎಂದು ವೈನಿ ಕುರ್ಚಿಯಿಂದ ಎದ್ದುಬಿಟ್ಟಿದ್ದರು. ಮಕ್ಕಳು ನೆಟ್ಟಗಿದ್ದಾರೆಂದು ನೋಡಿದರು. ಆಮೇಲೆ ಹಿಟ್ಟಿನ ಪರಾತ ನೋಡಿದರು. ಬಿಸಿಲು ಇಳಿಯುತ್ತಿತ್ತು, ಮಕ್ಕಳು ಹಸಿವು ಎನ್ನುತ್ತಿದ್ದವು. ಅವರು ಸೆರಗು ಸೊಂಟಕ್ಕೆ ಸಿಗಿಸಿದರು.

"ಸಾಕು ಮಾಡ್ರಿ ಇನ್ನ. ಸರೀರಿ ಶರಣಪ್ಪಣ್ಣಾ, ನಾನೇ ಬಡಿತೀನಿ."

ಶರಣಪ್ಪಣ್ಣನ ಮುಖದಲ್ಲಿ ಎಂಥ ಸಮಾಧಾನ! ನಮ್ಮ ಮನೆಯವರ ಮುಖದಲ್ಲಿಯೂ. ನಾನು ಅವರ ಸೆರಗು ಹಿಡಿದಿದ್ದೆ ನಿಜ, ಆದರೆ ಹಿಡಿತ ಸಡಿಲಾಗಿತ್ತು. ನನ್ನ ಕೈಯ ರೊಟ್ಟಿಯನ್ನು ನಮ್ಮ ಮನೆಯವರು ಬೇಳೆಯಲ್ಲಿ ನೆನೆಹಾಕಿ, ದೇವರ ಮೇಲೆ ಭಾರ ಹಾಕಿ ತಿನ್ನುತ್ತಾರೆ. ವೈನಿ ಎದ್ದರೆ ಇನ್ನು ಸ್ವಲ್ಪ ಹೊತ್ತಿಗೆ ಬಿಸಿ ರೊಟ್ಟಿ ಸಿಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಒಂದೇ ಒಂದು ದಿನ ಕೇಳಿದ್ದರು. ಅದೂ ಇಲ್ಲೇ ಮುಗಿಯುತ್ತಿತ್ತು.

"ನೀ ಕುಂದ್ರು."

ತಿರುಗಿ ನೋಡಿದರೆ ಅಣ್ಣ. ಅಷ್ಟು ಹೊತ್ತೂ ಎಲ್ಲಿದ್ದನೋ, ಕೈಯಲ್ಲಿ ಜೀಪಿನಿಂದ ತೆಗೆದ ಕಬ್ಬಿಣದ ಪುಟ್ಟಿ. ಮಣ್ಣು, ಗಾರೆ ಹೊರುತ್ತಾರಲ್ಲ, ಆ ಪುಟ್ಟಿ. ಬೂದಿ ಹಾಕಿ, ಮರಳು ಹಾಕಿ ಅದನ್ನು ತಿಕ್ಕಿ ಬೆಳ್ಳಗೆ ಮಾಡಿ ತಂದಿದ್ದ. ಚೆದುರಿದ ಬೆಂಕಿ ಕೂಡಿಸಿ, ಪುಟ್ಟಿಯನ್ನು ಬೋರಲಾಗಿ ಒಲೆಯ ಮೇಲೆ ಕವುಚಿದ. ಪಾತ್ರೆಯಲ್ಲಿ ನೀರು ಕಾಯಿಸಿದ. ಹೊಸ ಹಿಟ್ಟಿನ ನಡುವೆ ಗುಣಿ ಮಾಡಿ, ಕುದಿಯುವ ನೀರು ಹೊಯ್ದು, ಸೌಟಿನ ಹಿಡಿಕೆಯಿಂದ ಕಲಸಿ, ಕೈ ಸುಟ್ಟುಕೊಂಡು, ಕೈ ಕೊಡವಿ, ಮತ್ತೆ ನಾದಿದ. ಶರಣಪ್ಪಣ್ಣ ಒಲೆಗೆ ಕಟ್ಟಿಗೆ ಒಟ್ಟುತ್ತ ಪಕ್ಕಕ್ಕೆ ಸರಿದು ಕುಳಿತ.

ಬಡಿಯಲು ಕುಳಿತ. ಸಪ್ಪಳಕ್ಕೆ ಲಯವಿಲ್ಲ, ಒಂದು ಪೆಟ್ಟು ಜೋರು, ಒಂದು ಮೆತ್ತಗೆ. ಆದರೆ ಕೈ ಆಡುವ ರೀತಿ ನೋಡಿ ನನಗೆ ಆಶ್ಚರ್ಯವಾಯಿತು. ಅಂಗೈಯ ಬುಡದಿಂದ ರೊಟ್ಟಿಯನ್ನು ಚೂರು ಚೂರೇ ತಿರುಗಿಸುವುದು, ಅಂಚು ಬಿರಿದಲ್ಲಿ ಬೆರಳನ್ನು ನೀರಿಗೆ ಅದ್ದಿ ಮುಚ್ಚುವುದು, ಎತ್ತುವ ಮುಂಚೆ ಎಡಗೈಯಿಂದ ಒಂದು ಸಲ ಸವರುವುದು. ಅದು ವೈನಿಯ ಕೈ. ವೈನಿಗಿಂತ ಬೇರೆ ಯಾರೂ ಹಾಗೆ ಸವರುವುದಿಲ್ಲ. ರೊಟ್ಟಿ ಪುಟ್ಟಿಯ ಬೆನ್ನಿನ ಮೇಲೆ ಬಿತ್ತು, ಬಟ್ಟೆಯಿಂದ ನೀರು ಹಚ್ಚಿದ, ತಿರುವಿದ, ಕೆಂಡಕ್ಕೆ ಒರಗಿಸಿದ. ಉಬ್ಬಿತು. ಪೂರ್ತಿ ಅಲ್ಲ, ಒಂದು ಕಡೆ. ಇನ್ನೊಂದು ಕಡೆ ಸೀದಿತ್ತು.

ಅದನ್ನು ತಾಟಿಗೆ ಹಾಕಿ, ಮೇಲೆ ಶೇಂಗಾ ಹಿಂಡಿ, ಎಣ್ಣೆ ಹಾಕಿ, ತಂದು ವೈನಿಯ ಕೈಗೆ ಕೊಟ್ಟ. ವೈನಿ ಸೀದ ತುದಿಯನ್ನು ಬೆರಳಿನಿಂದ ಮುಟ್ಟಿದರು.

"ನೀವು ಯಾವಾಗ ಕಲ್ತ್ರಿ?"

"ಕಲ್ತಿಲ್ಲ. ನೋಡೀನಿ. ಇಷ್ಟು ವರ್ಷ ಎದುರಿಗೆ ಕುಂತು ನೋಡೀನಲ್ಲ" ಎಂದ ಅಣ್ಣ.

ವೈನಿ ತಾಟನ್ನು ಮಡಿಲಿಗೆ ಇಳಿಸಿದರು. ನನಗೆ ಅವರು ತೆಲುಗಿನಲ್ಲಿ ಏನಾದರೂ ಅನ್ನುತ್ತಾರೆ ಅನ್ನಿಸಿತ್ತು. ಕನ್ನಡದಲ್ಲೇ ಅಂದರು.

"ನೋಡಾಕತ್ತೀನಿ ಅಂತ ಒಂದು ದಿನರ ಹೇಳಬಾರದಾಗಿತ್ತೇನು?"

ಅಣ್ಣನ ಕೈ ಏನೋ ಹೇಳಲು ಮೇಲೆದ್ದಿತು. ಅದಕ್ಕೆ ಬೇಕಾದ ಬೀಸು ಅವನ ಹತ್ತಿರ ಇರಲಿಲ್ಲ. ಹಿಟ್ಟು ಹತ್ತಿದ ಕೈಯಿಂದ ಹಣೆ ಒರೆಸಿಕೊಂಡು, ಹಣೆಯೆಲ್ಲ ಬಿಳಿ ಮಾಡಿಕೊಂಡು, "ನನಗ ಹೊಳಿಲಿಲ್ಲ" ಎಂದ. ವೈನಿ ನಕ್ಕುಬಿಟ್ಟರು. ಕಣ್ಣಲ್ಲಿ ನೀರು ಬಂದಿತ್ತು. ಹೊಗೆ ಎಂದು ಯಾರೂ ಸುಳ್ಳು ಹೇಳಲಿಲ್ಲ, ಗಾಳಿ ಆ ಕಡೆ ಇರಲೂ ಇಲ್ಲ. ಬಿಸಿ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು ಅವರು ಕುರ್ಚಿಯ ಹಿಂದಕ್ಕೆ ಸರಿದು ಬೆನ್ನು ಒರಗಿಸಿದರು.

ಆಮೇಲೆ ಒಬ್ಬೊಬ್ಬರೇ ಬಡಿದೆವು. ಯಾರ ರೊಟ್ಟಿಯೂ ಚೆನ್ನಾಗಿರಲಿಲ್ಲ, ಎಲ್ಲವೂ ಖಾಲಿಯಾದವು. ವೈನಿ ಕುರ್ಚಿಯಿಂದಲೇ ಎಲ್ಲರ ರೊಟ್ಟಿಗೂ ತಪ್ಪು ಹುಡುಕಿ ಹೆಸರಿಡುತ್ತ ಕುಳಿತಿದ್ದರು: ನನ್ನದು ದಪ್ಪ, ನಮ್ಮ ಮನೆಯವರದು ಹಸಿ, ಶರಣಪ್ಪಣ್ಣನದು ಮಾತ್ರ "ಪಾಲಿಶ್ ಆಗ್ಬೇಕು ಇನ್ನ". ಟೆಂಟಿನಲ್ಲಿ ಮಲಗಿದ್ದು, ಬೆಳಿಗ್ಗೆ ನೀರಿನ ದಂಡೆಗೆ ಹೋಗಿದ್ದು ಎಲ್ಲ ಆಯಿತು, ಅವೆಲ್ಲ ಎಲ್ಲರೂ ಮಾಡುವಂಥವೇ. ಹೊರಡುವಾಗ ಒಲೆಯ ಪಕ್ಕ ಬಿದ್ದಿದ್ದ ಸಿಡಿದ ಫರ್ಶಿಯ ಚೂರೊಂದನ್ನು ನಾನು ಚೀಲಕ್ಕೆ ಹಾಕಿಕೊಂಡೆ. ಮಕ್ಕಳಿಗೆ ಪಾಠಕ್ಕೆ ಬೇಕು ಎಂದೆ. ಅದು ಶಾಲೆಗೆ ಹೋಗಲೇ ಇಲ್ಲ.

ಸುಜಾತಾ ಹೋದ ಮೇಲೆ ಇದೆಲ್ಲ ನೆನಪಾಗಿ ವಾಡಿಗೆ ಫೋನು ಹಚ್ಚಿದೆ. ಅಣ್ಣ ಈಗ ರಿಟೈರ್ ಆಗಿದ್ದಾನೆ. ವೈನಿ ಎತ್ತಿದರು. ಹಿಂದೆ ಟಪ್, ಟಪ್ಪ ಎಂದು ಸಪ್ಪಳ. ಒಂದು ಪೆಟ್ಟು ಜೋರು, ಒಂದು ಮೆತ್ತಗೆ.

"ಯಾರು ಬಡಿಯಾಕತ್ತಾರ ವೈನಿ?"

"ಮತ್ಯಾರು? ನಿಮ್ಮ ಅಣ್ಣ. ಇವತ್ತ ಆಯಿತ್ವಾರ, ಅವರ ಪಾಳಿ ಅಲ್ಲೇನು?"

"ನೀವೇನ್ ಮಾಡಾಕತ್ತೀರಿ?"

"ನಾನಾ? ಎದುರಿಗೆ ಕುಂತು ನೋಡಾಕತ್ತೀನಿ" ಎಂದರು. ಆಮೇಲೆ ಆ ಕಡೆಗೆ ಕೇಳುವ ಹಾಗೆ ಧ್ವನಿ ಎತ್ತಿ ಸೇರಿಸಿದರು: "ನೋಡಾಕತ್ತೀನಿ ಅಂತ ಹೇಳಾಕೂ ಹೇಳ್ತೀನವಾ. ಅವರಂಗ ಬಾಯಿ ಮುಚಗೊಂಡು ಕುಂದ್ರಲ್ಲ ನಾ."

ಟಪ್ಪ ಟಪ್ಪ ಸ್ವಲ್ಪ ಜೋರಾಯಿತು.

ಫೋನು ಇಟ್ಟೆ. ಹಾಲಿನಲ್ಲಿ ನಮ್ಮ ಮನೆಯವರು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ನನ್ನ ಬೆಳಗಿನ ಚಪಾತಿಗೆ ಬೇಕೆಂದು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದರು. ಎಷ್ಟು ವರ್ಷದಿಂದ ಬಿಡಿಸುತ್ತಿದ್ದಾರೋ. ಎಲೆಯೊಂದನ್ನೂ ಬಿಡದೆ, ಕಡ್ಡಿಗಳನ್ನೆಲ್ಲ ಒಂದೇ ದಿಕ್ಕಿಗೆ ಜೋಡಿಸಿ ಇಡುತ್ತಾರೆ. ಬಾಗಿಲಿಗೆ ಒರಗಿ ನಿಂತೆ.

"ನೋಡಾಕತ್ತೀನ್ರಿ" ಎಂದೆ.

ಅವರು ಗಾಬರಿಯಿಂದ ತಲೆ ಎತ್ತಿದರು. "ಯಾಕ? ತಪ್ಪು ಮಾಡಾಕತ್ತೀನೇನು?"

"ಇಲ್ರೀ. ಸುಮ್ನ ಹೇಳಿದೆ" ಎಂದು ಅವರ ಎದುರು ಕುಳಿತೆ.